ಫಿನೆಸ್ ಜಿಗ್: ಸಡಿಲ ದಾರದಲ್ಲಿ ಬಾಸ್ ಹಿಡಿಯುವ ಬಗೆ

ಅಮೆರಿಕದ ಐದು ಸೆಂಟಿನ ನಿಕಲ್ ನಾಣ್ಯ 5 ಗ್ರಾಂ ತೂಗುತ್ತದೆ. ಬಾಸ್ ಮೀನು ಹಿಡಿಯಲು ದಾರದ ತುದಿಗೆ ಕಟ್ಟುವ, ಭಾರದ ತಲೆಯುಳ್ಳ ಕೊಕ್ಕೆಗೆ ಜಿಗ್ ಎನ್ನುತ್ತಾರೆ. 3/16 ಔನ್ಸಿನ ಜಿಗ್ಗಿನ ತಲೆ 5.3 ಗ್ರಾಂ. ಅಷ್ಟು ಹಗುರವಾದ ಸೀಸದ ಗುಂಡನ್ನು ಏಳೆಂಟು ಅಡಿ ಆಳಕ್ಕೆ ಇಳಿಸಿ, ಅದೀಗ ಜಲ್ಲಿಯ ಮೇಲಿದೆಯೋ ಕೆಸರಿನಲ್ಲಿದೆಯೋ, ಬಂಡೆಯ ಸಂದಿಯಲ್ಲಿದೆಯೋ ಅಥವಾ ಮೀನಿನ ಬಾಯಲ್ಲೇ ಇದೆಯೋ ಎಂದು ದಡದಲ್ಲಿ ನಿಂತು ಹೇಳಬೇಕು. ಕಲಿಯಬೇಕಾದ್ದು ಮುಖ್ಯವಾಗಿ ಇದನ್ನೇ. ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ.

ಫಿನೆಸ್ ಅಂದರೆ ನಾಜೂಕು. ಈ ಜಿಗ್ಗು ಹೆಚ್ಚಾಗಿ ಬಳಕೆಯಲ್ಲಿರುವುದು ತಿಳಿನೀರಿನ, ಕಲ್ಲುತಳದ ಸರೋವರಗಳಲ್ಲಿ. ಮಿಸೌರಿ-ಅರ್ಕಾನ್ಸಾ ಗಡಿಯ ಟೇಬಲ್ ರಾಕ್ ಅದಕ್ಕೆ ಒಳ್ಳೆಯ ಮಾದರಿ. ವೈಟ್ ನದಿಗೆ 1958ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರು ಅದು. ಓಝಾರ್ಕ್ ಗುಡ್ಡಗಳ ಸುಣ್ಣಕಲ್ಲು, ಜಲ್ಲಿ ದಂಡೆ, ಕಲ್ಲಿನಡಿ ಕ್ರೇಫಿಶ್ (ಏಡಿಯಂತೆ ಕೊಂಡಿಗಳಿರುವ, ಸಿಗಡಿಯಂಥ ಸಿಹಿನೀರಿನ ಜೀವಿ). ಲಾರ್ಜ್‌ಮೌತ್, ಸ್ಮಾಲ್‌ಮೌತ್, ಸ್ಪಾಟೆಡ್ ಮೂರೂ ಬಗೆಯ ಬಾಸ್ ಅಲ್ಲಿವೆ. ಆ ಭಾಗದ ಸ್ಪರ್ಧಾಳು ಜಿಮ್ ಈಕಿನ್ಸ್ ಅವರ ಹೆಸರಲ್ಲೇ ಒಂದು ಫಿನೆಸ್ ಜಿಗ್ ಮಾರಾಟದಲ್ಲಿದೆ. ಇಷ್ಟಾಗಿಯೂ ಈ ತಂತ್ರಕ್ಕೆ ಓಝಾರ್ಕೇ ಬೇಕೆಂದಿಲ್ಲ. ಡಲ್ಲಾಸ್ ಹೊರವಲಯದ ಬಡಾವಣೆಯ ಕೊಳವಾಗಲಿ, ನ್ಯೂಜೆರ್ಸಿಯ ಊರಕೆರೆಯಾಗಲಿ, ವಾರಾಂತ್ಯ ಮಕ್ಕಳನ್ನು ಕರೆದುಕೊಂಡು ಹೋಗುವ ಕನ್ನಡಿಗರಿಗೆ ದೋಣಿಯಿಲ್ಲದೆ ದಡದಿಂದಲೇ ಸಾಗುವ ವಿಧಾನ ಇದು.

ಒಂದು ಮಾತು: ಈ ಬಾಸ್‌ಗೂ ಮೀನು ಮಾರುಕಟ್ಟೆಯ ಸೀ ಬಾಸ್‌ಗೂ ನಂಟಿಲ್ಲ. ಇದು ಸನ್‌ಫಿಶ್ ಕುಟುಂಬದ ಸಿಹಿನೀರಿನ ಮೀನು. ಕಲ್ಲು, ಮರ, ಜೊಂಡಿನ ಮರೆಯಲ್ಲಿ ಹೊಂಚು ಹಾಕಿ ಬೇಟೆಯಾಡುತ್ತದೆ.

ಜಿಗ್ಗನ್ನು ಕೈಯಲ್ಲಿ ಹಿಡಿದು ನೋಡಿ

ನಾಲ್ಕು ಭಾಗಗಳಿವೆ. ಸೀಸದ ಅಥವಾ ಟಂಗ್‌ಸ್ಟನ್ನಿನ ತಲೆ, ಅದರಿಂದ ಹೊರಟ ಕೊಕ್ಕೆ, ಕೊಕ್ಕೆಯ ಮೊನೆಗೆ ಅಡ್ಡ ನಿಂತ ನಾರಿನ ಗೊಂಚಲು, ಮತ್ತು ತಲೆಯ ಹಿಂದೆ ಕಟ್ಟಿದ ಸಿಲಿಕೋನ್ ಎಳೆಗಳ ಸ್ಕರ್ಟ್. ನಾರಿನ ಗೊಂಚಲಿಗೆ ವೀಡ್ ಗಾರ್ಡ್ ಅನ್ನುತ್ತಾರೆ. ಕಸಕಡ್ಡಿಗೆ, ಕಲ್ಲಿಗೆ ಕೊಕ್ಕೆ ಸಿಕ್ಕಿಬೀಳದ ಹಾಗೆ ಕಾಯುವುದು ಅದರ ಕೆಲಸ.

ಸಾಧಾರಣ ಜಿಗ್ಗಿಗೂ ಇದಕ್ಕೂ ವ್ಯತ್ಯಾಸ ಮೂರು ಕಡೆ. ಕೊಕ್ಕೆಯ ತಂತಿ ತೆಳು, ಅಳತೆ 1/0ರಿಂದ 3/0 ಒಳಗೆ. ನಾರು ಮೃದು. ಸ್ಕರ್ಟ್ ಗಿಡ್ಡ, ಕುತ್ತಿಗೆಯ ಸುತ್ತ ಎಳೆಗಳು ಮುಳ್ಳುಹಂದಿಯ ಹಾಗೆ ನಿಮಿರಿ ನಿಂತಿರುತ್ತವೆ. ಜಿಗ್ಗು ತಳದಲ್ಲಿ ಅಲುಗದೆ ಕೂತಾಗಲೂ ಆ ಗಿಡ್ಡ ಎಳೆಗಳು ನೀರಿನ ಸಣ್ಣ ಸೆಳೆತಕ್ಕೆ ಅಲುಗುತ್ತಲೇ ಇರುತ್ತವೆ. ಉದ್ದ ಎಳೆಗಳಾದರೆ ಒದ್ದೆ ಬಟ್ಟೆಯಂತೆ ಜೋತುಬೀಳುತ್ತವೆ.

ಮೊದಲ ಸಲ ಕೊಳ್ಳುವವರು ನಾಲ್ಕೇ ಜಿಗ್ಗು ಕೊಂಡರೆ ಸಾಕು: 3/16 ಔನ್ಸ್ ಒಂದು, 1/4 ಔನ್ಸ್ ಎರಡು, 3/8 ಔನ್ಸ್ ಒಂದು. ತಿಳಿನೀರಿಗೆ ಹಸಿರು-ಕಂದು ಬೆರೆತ ಗ್ರೀನ್ ಪಂಪ್ಕಿನ್, ಕದಡಿದ ನೀರಿಗೆ ಕಪ್ಪು-ನೀಲಿ. ಕಂದು-ನೇರಳೆ ಸೇರಿದ ಬಣ್ಣಕ್ಕೆ ಅಲ್ಲಿನವರು ಪೀನಟ್ ಬಟರ್ ಆಂಡ್ ಜೆಲ್ಲಿ ಎನ್ನುತ್ತಾರೆ, ಅದೂ ತಿಳಿನೀರಿಗೆ ಒಳ್ಳೆಯದೇ. ಇಪ್ಪತ್ತು ಬಣ್ಣ ಪೇರಿಸಿಟ್ಟುಕೊಳ್ಳುವುದರಿಂದ ಪೆಟ್ಟಿಗೆ ಭಾರವಾಗುತ್ತದೆ, ಅಷ್ಟೆ.

ಮನೆಯಲ್ಲೇ ಮುಗಿಸಬೇಕಾದ ತಯಾರಿ

ಅಂಗಡಿಯಿಂದ ತಂದ ಜಿಗ್ಗು ನೇರವಾಗಿ ನೀರಿಗೆ ಹೋಗಬಾರದು. ಹತ್ತು ನಿಮಿಷದ ಕೆಲಸವಿದೆ.

ಮೊದಲು ಕೊಕ್ಕೆಯ ಕಿವಿ, ಅಂದರೆ ದಾರ ಪೋಣಿಸುವ ತೂತು ನೋಡಿ. ಅದರಲ್ಲಿ ಪೇಂಟ್ ಒಣಗಿ ಮುಚ್ಚಿಕೊಂಡಿರುವುದು ಮಾಮೂಲು. ಹಳೆಯ ಕೊಕ್ಕೆಯ ಮೊನೆಯಿಂದ ಚುಚ್ಚಿ, ಅಂಚಿನ ಪೇಂಟನ್ನೂ ಕೆರೆದು ತೆಗೆಯಿರಿ. ಉಳಿದ ಚೂಪು ಚೂರು ಗಂಟಿನ ಬುಡವನ್ನೇ ಕೊಯ್ಯುತ್ತದೆ.

ಆಮೇಲೆ ವೀಡ್ ಗಾರ್ಡ್. ಹೆಬ್ಬೆರಳಿನಿಂದ ಕೊಕ್ಕೆಯ ಮೊನೆಯ ಕಡೆಗೆ ಒತ್ತಿ. ಸಲೀಸಾಗಿ ಬಾಗಿದರೆ ಸರಿ. ಹಲ್ಲುಜ್ಜುವ ಬ್ರಷ್ಷಿನಂತೆ ಎದುರೊತ್ತಿದರೆ ಮೂರರಲ್ಲೊಂದು ಪಾಲು ನಾರನ್ನು ಬುಡಕ್ಕೆ ಕತ್ತರಿಸಿ. ಉಳಿದದ್ದನ್ನು ಎಡಬಲಕ್ಕೆ ಬೀಸಣಿಗೆಯಂತೆ ಹರಡಿ. ಹಿಂದಕ್ಕೆ ಬಾಗಿಸಿದಾಗ ನಾರಿನ ತುದಿ ಕೊಕ್ಕೆಯ ಮೊನೆಯನ್ನು ಮುಚ್ಚಿ ಕೂದಲೆಳೆಯಷ್ಟು ಮಾತ್ರ ಆಚೆ ಚಾಚಿರಬೇಕು. ಅದಕ್ಕಿಂತ ಗಿಡ್ಡ ಮಾಡಿದರೆ ಅದು ಇದ್ದೂ ಇಲ್ಲದಂತೆ.

ಸ್ಕರ್ಟು ಉದ್ದವಿದ್ದರೆ, ತಲೆಯ ಮುಂದಕ್ಕೆ ಚಾಚಿದ ಎಳೆಗಳನ್ನು ಬೆರಳಲ್ಲಿ ಹಿಡಿದು ತಲೆಯ ತುದಿಗೆ ಸಮನಾಗಿ ಕತ್ತರಿಸಿ. ಹಿಂದಿನ ಎಳೆಗಳು ಕೊಕ್ಕೆಯ ಬಾಗಿನಿಂದ ಕಾಲಿಂಚು ಆಚೆಗೆ ಬಂದರೆ ಸಾಕು. ಒಂದೇ ಏಟಿಗೆ ಕತ್ತರಿ ಆಡಿಸಬೇಡಿ. ಎರಡು ಮೂರು ಎಳೆ ಹಿಡಿದು, ಒಂದಿಷ್ಟು ಹೆಚ್ಚುಕಡಿಮೆ ಮಾಡಿ ಕತ್ತರಿಸಿದರೆ ಒಳ್ಳೆಯದು. ನೀಟಾಗಿ ಒಂದೇ ಅಳತೆಗೆ ಕತ್ತರಿಸಿದ ಸ್ಕರ್ಟ್ ನೀರಿನಲ್ಲಿ ಪೊರಕೆಯ ಹಾಗೆ ಕಾಣುತ್ತದೆ.

ಕೊನೆಗೆ ಟ್ರೇಲರ್. ಕೊಕ್ಕೆಗೆ ಪೋಣಿಸುವ, ಕ್ರೇಫಿಶ್ಶಿನ ಕೊಂಡಿಗಳನ್ನು ಹೋಲುವ ಮೃದು ಪ್ಲಾಸ್ಟಿಕ್ ತುಂಡು ಇದು. ಉದ್ದ ಎರಡರಿಂದ ಎರಡೂವರೆ ಇಂಚು. ಉದ್ದ ಹೆಚ್ಚಾದರೆ ತಲೆಯ ಕಡೆಯಿಂದ ಕತ್ತರಿಸಬೇಕು, ಕೊಂಡಿಯ ಕಡೆಯಿಂದ ಅಲ್ಲ. ತಲೆಯ ನಟ್ಟನಡುವೆ ಕೊಕ್ಕೆ ಚುಚ್ಚಿ, ಅರ್ಧ ಇಂಚು ಒಳಗೆ ಸಾಗಿಸಿ ಹೊರತೆಗೆಯಿರಿ. ಸೊಟ್ಟಗೆ ಕೂತರೆ ಜಿಗ್ಗು ಇಳಿಯುವಾಗ ಬುಗುರಿಯಂತೆ ತಿರುಗಿ ದಾರಕ್ಕೆ ಮುರಿ ಹತ್ತುತ್ತದೆ. ನೀರಿನ ತಾಪ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಸೆಲ್ಸಿಯಸ್ಸಿನ ಕೆಳಗಿದ್ದರೆ ಅಷ್ಟಾಗಿ ಅಲುಗದ ದಪ್ಪ ತುಂಡು ಹಾಕಿ. ಬೆಚ್ಚಗಾದ ಮೇಲೆ ಕೊಂಡಿ ಪಟಪಟಿಸುವಂಥದ್ದು.

ರಾಡ್, ರೀಲ್, ದಾರ

1/8 ಮತ್ತು 3/16 ಔನ್ಸಿಗೆ ಸ್ಪಿನ್ನಿಂಗ್ ರಾಡೇ ಸರಿ. ಏಳು ಅಡಿ ಉದ್ದ, ಮೀಡಿಯಂ ಅಥವಾ ಮೀಡಿಯಂ-ಹೆವಿ ಬಲ, ಫಾಸ್ಟ್ ತುದಿ (ಅಂದರೆ ತುದಿಯಷ್ಟೇ ಬಾಗುವಂಥದ್ದು), 2500 ಅಳತೆಯ ರೀಲ್. ದಾರ 10ರಿಂದ 15 ಪೌಂಡಿನ ಬ್ರೇಡ್, ಅಂದರೆ ಹೆಣೆದ ದಾರ, ಅದರ ತುದಿಗೆ 8ರಿಂದ 10 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ ಎಂಟು ಹತ್ತು ಅಡಿ. 1/4 ಔನ್ಸಿನಿಂದ ಮೇಲಕ್ಕೆ ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಪೂರ್ತಿ 10ರಿಂದ 12 ಪೌಂಡಿನ ಫ್ಲೋರೋಕಾರ್ಬನ್ ಹಾಕಬಹುದು.

ಫ್ಲೋರೋಕಾರ್ಬನ್ನೇ ಏಕೆ? ಅದು ನೀರಲ್ಲಿ ಮುಳುಗುತ್ತದೆ, ಹೆಚ್ಚು ಹಿಗ್ಗುವುದಿಲ್ಲ, ಕಲ್ಲಿಗೆ ತಿಕ್ಕಿದರೂ ಒಂದಿಷ್ಟು ತಾಳುತ್ತದೆ. ಬ್ರೇಡ್ ತೇಲುತ್ತದೆ. ಕಲ್ಲಿನಂಚಿಗೆ ತಾಗಿದರೆ ನೂಲಿನಂತೆ ಕತ್ತರಿಸಿಹೋಗುತ್ತದೆ. ಆದರೆ ದಡದಿಂದ ಎಸೆಯುವಾಗ ದಾರದ ಚಲನೆ ಕಣ್ಣಿಗೆ ಕಾಣಲು ಹಳದಿ ಬ್ರೇಡಿನಷ್ಟು ಸಹಾಯಕ ಇನ್ನೊಂದಿಲ್ಲ. ಹೊಸಬರಿಗೆ ಬ್ರೇಡ್-ಲೀಡರ್ ಜೋಡಿಯೇ ವಾಸಿ.

ಜಿಗ್ಗಿಗೆ ಪಾಲೊಮಾರ್ ಗಂಟು. ದಾರವನ್ನು ಆರಿಂಚು ಮಡಚಿ ಜೋಡಿ ಎಳೆಯನ್ನು ಕಿವಿಯೊಳಗೆ ತೂರಿಸಿ, ಸಾದಾ ಗಂಟೊಂದನ್ನು ಸಡಿಲವಾಗಿ ಹಾಕಿ, ಉಳಿದ ಕುಣಿಕೆಯೊಳಗಿಂದ ಇಡೀ ಜಿಗ್ಗನ್ನು ದಾಟಿಸಿ, ಎಂಜಲಿನಿಂದ ಒದ್ದೆ ಮಾಡಿ ನಿಧಾನ ಬಿಗಿಯಿರಿ. ಕುಣಿಕೆ ದಾಟಿಸುವಾಗ ವೀಡ್ ಗಾರ್ಡಿನ ಒಂದೆರಡು ನಾರು ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ನಾರನ್ನು ಬೆರಳಲ್ಲಿ ಒತ್ತಿ ಹಿಡಿದಿರಿ. ಒಣ ಫ್ಲೋರೋಕಾರ್ಬನ್ನನ್ನು ಜೋರಾಗಿ ಬಿಗಿದರೆ ಉಜ್ಜಿದ ಬಿಸಿಗೆ ಅಲ್ಲೇ ದುರ್ಬಲವಾಗುತ್ತದೆ. ಬಿಗಿದ ಗಂಟಿನ ಪಕ್ಕ ದಾರ ಸುರುಳಿ ಸುತ್ತಿದ್ದು ಕಂಡರೆ ಕತ್ತರಿಸಿ ಹೊಸದಾಗಿ ಹಾಕಿ.

ಡ್ರ್ಯಾಗನ್ನು, ಅಂದರೆ ಮೀನು ಎಳೆದಾಗ ದಾರ ಬಿಡುವ ರೀಲಿನ ಬಿಗಿತವನ್ನು, ದಾರದ ಬಲದ ಕಾಲು ಭಾಗಕ್ಕೆ ಹೊಂದಿಸಿ. 10 ಪೌಂಡಿನ ದಾರವಾದರೆ ಎರಡೂವರೆ ಪೌಂಡಿನ ಎಳೆತಕ್ಕೆ ರೀಲ್ ದಾರ ಬಿಡಬೇಕು. ಸಾಮಾನು ತೂಗುವ ಕೊಕ್ಕೆ ತಕ್ಕಡಿಯಿಂದ ಎಳೆದು ನೋಡಿದರೆ ತಿಳಿಯುತ್ತದೆ.

ತೂಕ ಆರಿಸುವುದು

ಎಂಟು ಅಡಿಯವರೆಗಿನ ನೀರಿಗೆ 1/8 ಅಥವಾ 3/16, ಅಲ್ಲಿಂದ ಹದಿನೈದು ಅಡಿಯವರೆಗೆ 1/4, ಅದಕ್ಕೂ ಆಳಕ್ಕೆ 5/16 ಅಥವಾ 3/8. ಗಾಳಿ ಬೀಸಿ ದಾರ ಬಿಲ್ಲಿನಂತೆ ಬಾಗುತ್ತಿದ್ದರೆ ಒಂದು ಮೆಟ್ಟಿಲು ಮೇಲಕ್ಕೆ. ಮೋಡ ಸರಿದು, ಗಾಳಿ ನಿಂತು, ಶೀತಗಾಳಿಯ ಮರುದಿನ ಮೀನು ಮಂಕಾಗಿದ್ದರೆ ಒಂದು ಮೆಟ್ಟಿಲು ಕೆಳಕ್ಕೆ. ತಳ ತಾಗಿದ್ದು ಗೊತ್ತಾಗುವಷ್ಟು ಭಾರ ಬೇಕು, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚು ಬೇಡ. ತೂಕ ಹೆಚ್ಚಿದಷ್ಟೂ ಜಿಗ್ಗು ಬೇಗ ಬೀಳುತ್ತದೆ, ಕಲ್ಲಿನ ಸಂದಿಗೆ ಬೇಗ ಇಳಿಯುತ್ತದೆ.

ಎಲ್ಲಿ ಎಸೆಯಬೇಕು

ಒಂದು ಬಗೆಯ ತಳ ಮುಗಿದು ಇನ್ನೊಂದು ಶುರುವಾಗುವ ಕಡೆ. ಸಣ್ಣ ಜಲ್ಲಿ ಮುಗಿದು ಗುಂಡುಕಲ್ಲು ಶುರುವಾಗುವ ದಂಡೆ, ನೀರಿನೊಳಕ್ಕೆ ಮೂಗಿನಂತೆ ಚಾಚಿದ ಜಲ್ಲಿಯ ನೆಲ, ಕಡಿದಾದ ಬಂಡೆ ಇಳಿಜಾರಾಗುವ ಮೂಲೆ, ದೋಣಿಕಟ್ಟೆಯ ನೆರಳಿನ ಅಂಚು. ಬಡಾವಣೆಯ ಕೊಳದಲ್ಲಿ ಏರಿಯ ಕಲ್ಲುಕಟ್ಟಣೆ, ಮಳೆನೀರಿನ ಕೊಳವೆ ಬಂದು ಸೇರುವ ಬಾಯಿ. ದಡದಿಂದ ಹಿಡಿಯುವವರು ಸಾಮಾನ್ಯವಾಗಿ ಕೊಳದ ನಡುವಿಗೆ ಗುರಿಯಿಡುತ್ತಾರೆ. ಅದರ ಬದಲು ದಂಡೆಗೆ ಓರೆಯಾಗಿ, ಹತ್ತು ಹದಿನೈದು ಅಡಿ ದೂರದಲ್ಲಿ ದಂಡೆಗುಂಟ ಎಸೆದರೆ ಜಿಗ್ಗು ಹೆಚ್ಚು ಹೊತ್ತು ಮೀನಿರುವ ಆಳದಲ್ಲೇ ಸಾಗುತ್ತದೆ. ಹಸಿರು ಪಾಚಿ ಹಾಸಿದ ತಳದಲ್ಲಿ ಈ ಜಿಗ್ಗು ಉಪಯೋಗಕ್ಕಿಲ್ಲ. ಪ್ರತಿ ಎಸೆತಕ್ಕೂ ಪಾಚಿಯ ಗಡ್ಡ ಕಟ್ಟಿಕೊಂಡು ಬರುತ್ತದೆ.

ಇಳಿಸುವುದು

ಅನೇಕ ಕಚ್ಚುಗಳು ಬರುವುದು ಜಿಗ್ಗು ಮೊದಲ ಸಲ ಕೆಳಗಿಳಿಯುವಾಗ. ಅದನ್ನೇ ಹೆಚ್ಚಿನವರು ಕಳೆದುಕೊಳ್ಳುವುದು.

ಎಸೆದ ಜಿಗ್ಗು ನೀರಿಗೆ ಬಿದ್ದ ಕೂಡಲೇ ರೀಲ್ ಮುಚ್ಚಿದರೆ ದಾರ ಬಿಗಿಯಾಗಿ, ಜಿಗ್ಗು ನೇರ ಇಳಿಯದೆ ಉಯ್ಯಾಲೆಯಂತೆ ನಿಮ್ಮ ಕಡೆಗೆ ತೂಗಿ ಬರುತ್ತದೆ. ಗುರಿಯಿಟ್ಟದ್ದು ಬಂಡೆಯ ಬುಡಕ್ಕೆ, ತಲುಪಿದ್ದು ಆರಡಿ ಈಚೆಗೆ. ಹಾಗಾಗಿ ಸ್ಪಿನ್ನಿಂಗ್ ರೀಲಿನ ಬೇಲ್, ಅಂದರೆ ದಾರವನ್ನು ತಡೆಯುವ ತಂತಿ, ತೆರೆದೇ ಇಡಿ. ಬೇಟ್‌ಕಾಸ್ಟಿಂಗ್ ಆದರೆ ಕೈಯಿಂದ ದಾರ ಎಳೆದೆಳೆದು ಬಿಡಿ. ಹಾಗೆಂದು ದಾರ ರಾಶಿ ಬೀಳಲೂಬಾರದು. ನೀರಿನ ಮೇಲೆ ತುಸುವೇ ಸಡಿಲವಾಗಿ ಮಲಗಿರಬೇಕು.

ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ. ತಳ ತಾಗಿದಾಗ ಓಡುತ್ತಿದ್ದ ದಾರ ಥಟ್ಟನೆ ನಿಂತು ಸಡಿಲವಾಗುತ್ತದೆ. ಅದು ಎಷ್ಟನೇ ಎಣಿಕೆಗೆ ಎಂದು ನೆನಪಿಡಿ. ಅದೇ ಜಾಗಕ್ಕೆ ಮುಂದಿನ ಎಸೆತದಲ್ಲಿ ಹತ್ತಕ್ಕೆ ನಿಲ್ಲಬೇಕಾದ ದಾರ ಆರಕ್ಕೇ ನಿಂತರೆ ಜಿಗ್ಗು ಮೀನಿನ ಬಾಯಲ್ಲಿದೆ ಎಂದೇ ಲೆಕ್ಕ. ದಾರ ಸಣ್ಣಗೆ ಜಿಗಿದರೂ, ಪಕ್ಕಕ್ಕೆ ಸರಿಯತೊಡಗಿದರೂ ಅದೇ ಅರ್ಥ. ಕೈಗೆ ಏನೂ ತಿಳಿದಿರುವುದಿಲ್ಲ, ಕಣ್ಣಿಗೆ ಕಂಡಿರುತ್ತದೆ.

ತಳದಲ್ಲಿ ನಡೆಸುವುದು

ರಾಡನ್ನು ನೀರಿಗೆ ಹತ್ತಿರ, ಪಕ್ಕಕ್ಕೆ ಹಿಡಿದು ಆರರಿಂದ ಹನ್ನೆರಡು ಇಂಚು ನಿಧಾನವಾಗಿ ಎಳೆಯಿರಿ. ರಾಡನ್ನು ಹಿಂದಕ್ಕೆ ತಂದು ಸಡಿಲವಾದ ದಾರವನ್ನಷ್ಟೇ ಸುತ್ತಿಕೊಳ್ಳಿ. ಮೂರರಿಂದ ಐದು ಸೆಕೆಂಡು ಸುಮ್ಮನಿರಿ. ಚಳಿಗಾಲದಲ್ಲಿ ಹತ್ತು ಸೆಕೆಂಡು. ಜಿಗ್ಗನ್ನು ಎಳೆಯಬೇಕಾದ್ದು ರಾಡು. ರೀಲ್ ಸುತ್ತಿ ಎಳೆದರೆ ತಳದ ಸುದ್ದಿ ಕೈಗೆ ಬರುವುದಿಲ್ಲ.

ಆ ಸುದ್ದಿಯನ್ನು ಓದಲು ಕಲಿಯುವುದೇ ದೊಡ್ಡ ಪಾಠ. ಜಲ್ಲಿಯ ಮೇಲೆ ಕಟಕಟ ಎಂದು ಸಣ್ಣ ಕಂಪನ ಬೆರಳಿಗೆ ಬರುತ್ತದೆ. ಕೆಸರಿನಲ್ಲಿ ಸದ್ದಿಲ್ಲ, ಒದ್ದೆ ಬಟ್ಟೆ ಎಳೆದಂತೆ ಒಂದೇ ಸಮನೆ ಭಾರ. ಮರದ ಕೊಂಬೆಯಾದರೆ ಎಳೆದಂತೆ ಬಳುಕಿ ಮೆಲ್ಲಗೆ ಹಿಂದಕ್ಕೆಳೆಯುತ್ತದೆ. ಬಂಡೆಯಾದರೆ ಟಕ್ಕನೆ ನಿಲ್ಲುತ್ತದೆ.

ನಿಂತಾಗ ಹೊಸಬರ ಕೈ ತಾನಾಗಿ ಜೋರಾಗಿ ಎಳೆಯುತ್ತದೆ. ಅಲ್ಲಿ ಎಳೆಯಬೇಡಿ. ದಾರವನ್ನು ಸಡಿಲ ಬಿಟ್ಟು ರಾಡಿನ ತುದಿಯನ್ನು ಎರಡಿಂಚಿನಷ್ಟು ನಾಲ್ಕಾರು ಬಾರಿ ಅಲುಗಿಸಿ. ಜಿಗ್ಗು ಕಲ್ಲಿನ ಬುಡದಲ್ಲಿ ಇದ್ದಲ್ಲೇ ನಡುಗುತ್ತದೆ, ಸ್ಕರ್ಟ್ ಅರಳಿ ಮುದುಡುತ್ತದೆ. ಬಳಿಕ ಮೆಲ್ಲಗೆ ಎತ್ತಿ ಕಲ್ಲು ದಾಟಿಸಿ, ಆಚೆ ಬದಿಗೆ ಸಡಿಲ ದಾರದಲ್ಲಿ ಬೀಳಲು ಬಿಡಿ. ಬಾಸ್ ಹಿಡಿಯುವುದು ಹೆಚ್ಚಾಗಿ ಆ ಬೀಳುವಿಕೆಯಲ್ಲೇ. ಕ್ರೇಫಿಶ್ ಹೆದರಿದಾಗ ಬಾಲ ಬಡಿದು ಹಿಮ್ಮುಖವಾಗಿ ಚಿಮ್ಮಿ ಮತ್ತೆ ತಳಕ್ಕಿಳಿಯುತ್ತದಲ್ಲ, ಇದು ಹಾಗೆಯೇ ಕಾಣುತ್ತದೆ.

ಬೇಸಿಗೆಯಲ್ಲಿ ಮೀನು ಚುರುಕಾಗಿದ್ದರೆ ಎಳೆಯುವ ಬದಲು ಒಂದಡಿ ಎತ್ತರ ಕುಪ್ಪಳಿಸಿ ನೋಡಿ. ಅಷ್ಟಕ್ಕೆ ಸಾಕು.

ಕಚ್ಚಿದಾಗ

ಒಂದೇ ಒಂದು ಗಟ್ಟಿ ಟಕ್, ಅಥವಾ ಇದ್ದಕ್ಕಿದ್ದಂತೆ ಒದ್ದೆ ಚಿಂದಿ ಸಿಕ್ಕಿಕೊಂಡಂಥ ಭಾರ, ಅಥವಾ ಜಿಗ್ಗಿನ ತೂಕವೇ ಮಾಯ. ಮೂರೂ ಬಾಸ್. ಟಕ್‌ಟಕ್‌ಟಕ್ ಎಂದು ಕುಕ್ಕುತ್ತಿದ್ದರೆ ಅದು ಬ್ಲೂಗಿಲ್ ಎಂಬ ಸಣ್ಣ ಮೀನು, ಟ್ರೇಲರಿನ ಕೊಂಡಿಯನ್ನು ಜಗ್ಗುತ್ತಿರುತ್ತದೆ.

ಅನುಮಾನ ಬಂದರೆ ರಾಡನ್ನು ಮೀನಿನ ಕಡೆಗೆ ತಗ್ಗಿಸಿ, ಸಡಿಲ ದಾರವನ್ನು ಬೇಗ ಸುತ್ತಿ, ಭಾರ ಕೈಗೆ ಸಿಕ್ಕಿದೊಡನೆ ರಾಡನ್ನು ಪಕ್ಕಕ್ಕೆ ಬೀಸಿ ಎಳೆಯಿರಿ, ರೀಲ್ ಸುತ್ತುತ್ತಲೇ ಇರಿ. ಟಿವಿಯಲ್ಲಿ ಕಾಣುವಂತೆ ತಲೆಯ ಮೇಲಕ್ಕೆ ಎರಡೂ ಕೈಯಿಂದ ಕಿತ್ತೆಳೆಯುವುದು ದಪ್ಪ ಕೊಕ್ಕೆಗೆ, 20 ಪೌಂಡಿನ ದಾರಕ್ಕೆ ಆದೀತು. ಇಲ್ಲಿ ಹಾಗೆ ಮಾಡಿದರೆ ತೆಳು ಕೊಕ್ಕೆ ನೆಟ್ಟಗಾಗುತ್ತದೆ ಇಲ್ಲವೇ ಗಂಟು ಹರಿಯುತ್ತದೆ. ತೆಳು ತಂತಿಯ ಮೊನೆಗೆ ಒಳಹೊಗಲು ಒಂದೇ ಸಮನೆ ಒತ್ತಡವಿದ್ದರೆ ಸಾಕು.

ಕೆಡುವುದೆಲ್ಲಿ

ಕಚ್ಚಿದ್ದು ಗೊತ್ತಾಗಿ, ಎಳೆದರೆ ಖಾಲಿ ಜಿಗ್ಗು ಬರುತ್ತಿದೆ ಎಂದರೆ ಮೊದಲು ಮೊನೆ ನೋಡಿ. ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದಾಗ ಕಚ್ಚಿಕೊಳ್ಳಬೇಕು, ಜಾರಿದರೆ ಮೊಂಡಾಗಿದೆ. ಮೊನೆ ಸರಿಯಿದ್ದರೆ ವೀಡ್ ಗಾರ್ಡ್ ಬಿರುಸಾಗಿದೆ, ಇನ್ನೂ ನಾಲ್ಕು ನಾರು ತೆಗೆಯಿರಿ. ಅದೂ ಸರಿಯಿದ್ದು ಟ್ರೇಲರಿನ ಕೊಂಡಿ ಮಾತ್ರ ಹರಿದು ಬರುತ್ತಿದ್ದರೆ ಟ್ರೇಲರ್ ಉದ್ದವಾಗಿದೆ. ಅರ್ಧ ಇಂಚು ಕಡಿಮೆ ಮಾಡಿ.

ಮೀನು ಅರ್ಧ ದಾರಿ ಬಂದು, ನೀರಿನ ಮೇಲೆ ಹಾರಿ ತಲೆಯೊದರಿ ತಪ್ಪಿಸಿಕೊಳ್ಳುತ್ತಿದ್ದರೆ ದಾರ ಎಲ್ಲೋ ಸಡಿಲವಾಗುತ್ತಿದೆ. ಮೀನು ಮೇಲಕ್ಕೆ ಬರುತ್ತಿದೆ ಎಂದು ದಾರದ ಕೋನದಿಂದ ಗೊತ್ತಾದಾಗಲೇ ರಾಡಿನ ತುದಿಯನ್ನು ನೀರಿಗೆ ತಗ್ಗಿಸಿ ಸುತ್ತಿ.

ಕಲ್ಲಿಗೆ ಸಿಕ್ಕಿಬಿದ್ದರೆ ಬಲವಂತ ಬೇಡ, ಎಳೆದಷ್ಟೂ ಸಂದಿಯೊಳಗೆ ಬಿಗಿಯಾಗುತ್ತದೆ. ರಾಡನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ರೀಲ್ ಮತ್ತು ರಾಡಿನ ಮೇಲೆ ದಾರ ಹಾಯುವ ಮೊದಲ ಬಳೆಯ ನಡುವಿನ ದಾರವನ್ನು ಇನ್ನೊಂದು ಕೈಯಿಂದ ಬಿಲ್ಲಿನ ಹೆದೆಯಂತೆ ಎಳೆದು ಫಟ್ಟನೆ ಬಿಡಿ. ಸಡಿಲಕ್ಕೆ ಹಿಂದೆ ಚಿಮ್ಮಿದ ಜಿಗ್ಗು ಎಷ್ಟೋ ಸಲ ತಾನೇ ಬಿಡಿಸಿಕೊಳ್ಳುತ್ತದೆ. ಬಿಡದಿದ್ದರೆ ದಡದುದ್ದಕ್ಕೂ ನಡೆದು ಎದುರು ದಿಕ್ಕಿನಿಂದ ಎಳೆಯಿರಿ. ಬ್ರೇಡನ್ನು ಬರಿಗೈಗೆ ಸುತ್ತಿಕೊಂಡು ಎಳೆಯಲೇಬೇಡಿ, ಬೆರಳು ಕೊಯ್ಯುತ್ತದೆ.

ಪ್ರತಿ ಸಲ ಬಿಡಿಸಿಕೊಂಡ ಮೇಲೂ, ಪ್ರತಿ ಮೀನಿನ ಬಳಿಕವೂ ಕೊನೆಯ ಎರಡು ಅಡಿ ದಾರವನ್ನು ತುಟಿಯ ನಡುವೆ ಹಾಯಿಸಿ ನೋಡಿ. ಬೆರಳಿಗೆ ತಿಳಿಯದ ತರಚು ತುಟಿಗೆ ತಿಳಿಯುತ್ತದೆ. ಒರಟಾಗಿದ್ದಷ್ಟನ್ನು ಕತ್ತರಿಸಿ ಹೊಸ ಗಂಟು. ಸೋಮಾರಿತನಕ್ಕೆ ದಂಡ ತೆರುವುದು ಸಾಮಾನ್ಯವಾಗಿ ದಿನದ ದೊಡ್ಡ ಮೀನಿನ ಹೊತ್ತಿನಲ್ಲೇ.

ಕಾನೂನು, ಮೀನಿನ ಕಾಳಜಿ

ಮೀನು ಹಿಡಿಯಲು ಆಯಾ ರಾಜ್ಯದ ಲೈಸೆನ್ಸ್ ಬೇಕು. ವಯಸ್ಸಿನ ಗೆರೆ ಒಂದೊಂದು ಕಡೆ ಒಂದೊಂದು: ಕ್ಯಾಲಿಫೋರ್ನಿಯಾದಲ್ಲಿ 16ರಿಂದ, ಟೆಕ್ಸಾಸಿನಲ್ಲಿ 17ರಿಂದ. ಇಟ್ಟುಕೊಳ್ಳಬಹುದಾದ ಮೀನಿನ ಉದ್ದ, ದಿನದ ಎಣಿಕೆ ಸರೋವರದಿಂದ ಸರೋವರಕ್ಕೂ ಬದಲಾಗುತ್ತದೆ, ಹೊರಡುವ ಮುನ್ನ ರಾಜ್ಯದ ವನ್ಯಜೀವಿ ಇಲಾಖೆಯ ಜಾಲತಾಣ ನೋಡಿ. ಸೀಸದ ಜಿಗ್ಗಿನ ಮೇಲೂ ನಿರ್ಬಂಧವಿದೆ. ಲೂನ್ ಎಂಬ ನೀರುಹಕ್ಕಿ ಸೀಸ ನುಂಗಿ ಸಾಯುವುದರಿಂದ ನ್ಯೂ ಹ್ಯಾಂಪ್‌ಶೈರಿನಲ್ಲಿ ಒಂದು ಔನ್ಸ್ ಮತ್ತು ಅದಕ್ಕಿಂತ ಹಗುರದ ಸೀಸದ ಜಿಗ್ಗು ಮಾರುವಂತಿಲ್ಲ, ಬಳಸುವಂತಿಲ್ಲ. ಮ್ಯಾಸಚೂಸೆಟ್ಸಿನ ಒಳನಾಡ ನೀರಿನಲ್ಲೂ ಒಂದು ಔನ್ಸಿಗಿಂತ ಹಗುರದ ಸೀಸಕ್ಕೆ 2012ರಿಂದ ನಿಷೇಧ. ಅಲ್ಲಿರುವವರು ಟಂಗ್‌ಸ್ಟನ್ ತಲೆಯದ್ದನ್ನೇ ಕೊಳ್ಳಿ. ಬೆಲೆ ಹೆಚ್ಚು, ಆದರೆ ಗಟ್ಟಿ ಲೋಹವಾದ್ದರಿಂದ ತಳದ ಕಟಕಟ ಇನ್ನೂ ಚೆನ್ನಾಗಿ ಕೈಗೆ ಬರುತ್ತದೆ.

ವಾಪಸು ಬಿಡುವ ಮೀನನ್ನು ಒದ್ದೆ ಕೈಯಲ್ಲಿ ಹಿಡಿಯಿರಿ. ಕೆಳದವಡೆಯನ್ನು ಹೆಬ್ಬೆರಳಿನಿಂದ ಹಿಡಿದು, ದೊಡ್ಡದಾದರೆ ಇನ್ನೊಂದು ಕೈಯನ್ನು ಹೊಟ್ಟೆಯಡಿ ಕೊಡಿ. ದವಡೆಯೊಂದರಲ್ಲೇ ಅಡ್ಡಡ್ಡ ಎತ್ತಿ ಫೋಟೋಗೆ ಹಿಡಿದರೆ ಅದರ ದವಡೆ ಕೀಲಿಗೆ ಪೆಟ್ಟು. ಜಿಗ್ಗಿಗೆ ಒಂದೇ ಕೊಕ್ಕೆ, ಹೆಚ್ಚಾಗಿ ಮೇಲ್ದವಡೆಯಲ್ಲೇ ನಾಟಿರುತ್ತದೆ. ಉದ್ದ ಮೂತಿಯ ಇಕ್ಕಳದಿಂದ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿದರೆ ಸಲೀಸಾಗಿ ಬರುತ್ತದೆ.

ಮನೆಗೆ ಬಂದ ಮೇಲೆ ಟ್ರೇಲರನ್ನು ಕಳಚಿ ಅದರದೇ ಚೀಲಕ್ಕೆ ಹಾಕಿ. ಕಾರಿನ ಬಿಸಿಗೆ ಟ್ರೇಲರ್, ಸ್ಕರ್ಟ್, ಪೇಂಟ್ ಮೂರೂ ಅಂಟಿಕೊಂಡು ಉಂಡೆಯಾಗುತ್ತವೆ. ಎಲಾಝ್‌ಟೆಕ್ ಎಂಬ ಹಿಗ್ಗುವ ವಸ್ತುವಿನ ಟ್ರೇಲರನ್ನಂತೂ ಬೇರೆ ಪ್ಲಾಸ್ಟಿಕ್ಕಿನ ಜೊತೆ ಇಡಲೇಬಾರದು, ಒಂದನ್ನೊಂದು ಕರಗಿಸುತ್ತವೆ. ಜಿಗ್ಗುಗಳನ್ನು ಹಳೆಯ ಬಟ್ಟೆಯ ಮೇಲೆ ರಾತ್ರಿಯಿಡೀ ಆರಹಾಕಿ ಬೆಳಿಗ್ಗೆ ಡಬ್ಬಿಗೆ ಸೇರಿಸಿ. ಒದ್ದೆಯಾಗಿಯೇ ಮುಚ್ಚಿಟ್ಟ ಡಬ್ಬಿಯಲ್ಲಿ ಒಂದು ಕೊಕ್ಕೆಗೆ ತುಕ್ಕು ಹಿಡಿದರೆ ವಾರದೊಳಗೆ ಪಕ್ಕದವಕ್ಕೂ ಹಬ್ಬಿರುತ್ತದೆ.